ಏಳು ಹೆಜ್ಜೆಯ ಗೆಳೆತನ

ಗೆಳೆತನಕ್ಕೆ ಸಂಸ್ಕೃತದಲ್ಲಿ ‘ಸಾಪ್ತಪದೀನ’ವೆಂಬ ಹೆಸರೊಂದುಂಟು. ಏಳು ಹೆಜ್ಜೆ ಜೊತೆಯಾಗಿ ನಡೆದುದರಿಂದ ದೊರೆತದ್ದು ಎಂಬದೇ ಆ ಶಬ್ದದ ಅರ್ಥ. ಪಾಣಿನಿಯು ಈ ಪದವನ್ನು ಸಾಧಿಸುವದಕ್ಕಾಗಿ ಬೇರೆ ಸೂತ್ರವನ್ನೇ ರಚಿಸಿರುವನು. ವಿವಾಹದ ಸಪ್ತಪದಿಯಲ್ಲಿ ಏಳನೆಯ ಹೆಜ್ಜೆಗೆ ವಧುವು ಸಖಿಯಾಗುವದೂ ಇದೇ ಭಾವನೆಯಿಂದಲೇ. ಸ್ನೇಹವನ್ನು ಅಳೆಯಲು ಹಿರಿಯರು ಒಡನೆ ಕುಳಿತುಕೊಳ್ಳುವದನ್ನಾಗಲಿ ಒಡನೆ ಉಣ್ಣುವದನ್ನಾಗಲಿ ಹೇಳದೆ, ಒಡನೆ ನಡೆಯುವದನ್ನು ಹೇಳಿದ್ದೇಕೆ? ಕುಳಿತಾಗ ಇಬ್ಬರೂ ಒಂದೇ ನೆಲದ ಮೇಲಿರುವರು. ನಡೆಯತೊಡಗಿದಾಗಲೇ ಒಬ್ಬನದು ದೊಡ್ಡ ಹೆಜ್ಜೆ, ಇನ್ನೊಬ್ಬನದು ಸಣ್ಣದು ಎಂಬದು ತಿಳಿಯುವದು. ಒಬ್ಬನಿಗೆ ದಾರಿ ಗೊತ್ತಿದೆ, ಇನ್ನೊಬ್ಬನಿಗೆ ಗೊತ್ತಿಲ್ಲ ಎಂಬದೂ ಆಗಲೇ ಹೊರಬೀಳುವದು. ಹಾಗಾದರೆ ದಾರಿ ಬಲ್ಲವನು ದಾರಿ ಅರಿಯದ ಗೆಳೆಯನಿಗೆ ಏನನ್ನು ಸಲ್ಲಿಸತಕ್ಕದ್ದು? ದಾರಿಯನ್ನು ತೋರಿಸಿದರೆ ಅವನ ಋಣವು ತೀರಿತೇ?

ರಾಣೇಬೆನ್ನೂರು ತಾಲೂಕಿನ ಹಲಗೇರಿಯಲ್ಲಿ ಇಬ್ಬರು ಗೆಳೆಯರಿರುವರೆಂದು ವಾಚಕರು ಎಣಿಸಲಿ. ಒಂದೇ ಶಾಲೆಯಲ್ಲಿ ಕಲಿತವರು. ಒಂದೇ ಕೆರೆಯಲ್ಲಿ ಈಸು ಕಲಿತವರು. ಒಬ್ಬನು ಊರಲ್ಲಿಯೇ ನಿಂತು ಹತ್ತಿ, ಗೋವಿನಜೋಳ ಬೆಳೆದನು. ಇನ್ನೊಬ್ಬನು ಬೆಂಗಳೂರು ಸೇರಿ ಇಪ್ಪತ್ತು ವರುಷ ನೌಕರಿ ಮಾಡಿದನು. ಹಬ್ಬಕ್ಕೆ ಬಂದ ನೌಕರನು, “ಒಮ್ಮೆ ಬೆಂಗಳೂರು ನೋಡಿ ಬರೂವಂತಿ, ನಡಿಯೋ” ಎಂದನು. ಒಕ್ಕಲಿಗನು ಹೊಸ ಧೋತರ ಉಟ್ಟು, ಮನೆಯವರು ಕಟ್ಟಿಕೊಟ್ಟ ರೊಟ್ಟಿಯ ಬುತ್ತಿಯನ್ನು ಬಗಲಿಗೆ ಇಟ್ಟುಕೊಂಡು ಹೊರಟನು. ಇಂಥ ಪಯಣವು ನಮ್ಮ ಸೀಮೆಯಲ್ಲಿ ನಿತ್ಯದ ಸಂಗತಿ. 1956ರ ವರೆಗೆ ಈ ಭಾಗದವರಿಗೆ ರಾಜಧಾನಿಯು ಮುಂಬಯಿಯಾಗಿತ್ತು. ಆ ವರುಷದ ನವೆಂಬರ 1ರಿಂದ ಬೆಂಗಳೂರಾಯಿತು. ರಾಜಧಾನಿಯು ಬದಲಾದರೂ ಹಳ್ಳಿಯವನು ಗೆಳೆಯನ ತೋಳು ಹಿಡಿದು ಮಹಾನಗರವನ್ನು ಹೊಗುವ ರೀತಿಯು ಬದಲಾಗಲಿಲ್ಲ.

ರಾಣೇಬೆನ್ನೂರಿನಲ್ಲಿ ರೈಲು ಹತ್ತಿದವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ತುಂಗಭದ್ರೆಯು ಎದುರಾಗುವಳು. ಈಚೆಯ ದಡವು ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು; ಆಚೆಯದು ಮೈಸೂರು ಸಂಸ್ಥಾನಕ್ಕೆ. ಗಡಿಯು ಅಳಿದು ಎಷ್ಟೋ ಕಾಲವಾಯಿತು; ಆದರೆ ನಾಲಗೆಯ ಮೇಲಿನ ಗಡಿಯು ಇನ್ನೂ ಪೂರಾ ಅಳಿದಿಲ್ಲ. ಹರಿಹರವು ದಾಟಿತು, ದಾವಣಗೆರೆಯು ದಾಟಿತು. ನೌಕರನ ಮಾತಿನೊಳಗಿನ ‘ಐತಿ’ಯು ‘ಇದೆ’ಯಾಯಿತು, ‘ಬ್ಯಾಡ’ವು ‘ಬೇಡ’ವಾಯಿತು. ಬೀರೂರಿನ ಸುಮಾರಿಗೆ ಒಕ್ಕಲಿಗನು ಬುತ್ತಿಯನ್ನು ಬಿಚ್ಚಹೋದನು. “ಇಲ್ಲಿ ಬೇಡ, ಎಲ್ಲರೂ ನೋಡುತ್ತಾರೆ” ಎಂದು ಗೆಳೆಯನು ಮೆಲ್ಲನೆ ಹೇಳಿ, ಮಾರುವವನಿಂದ ಇಬ್ಬರಿಗೂ ಊಟದ ಪೊಟ್ಟಣಗಳನ್ನು ಕೊಂಡನು. ಅದೂ ಔದಾರ್ಯವೇ, ಹಣವನ್ನು ತಾನೇ ಕೊಟ್ಟನಲ್ಲವೇ? ಬುತ್ತಿಯು ಮಾತ್ರ ಬಿಚ್ಚದೆ ಉಳಿಯಿತು.

ಬೆಂಗಳೂರಿನ ಮೆಟ್ರೋ ನಿಲ್ದಾಣದಲ್ಲಿ ತಾನಾಗಿಯೇ ಚಲಿಸುವ ಮೆಟ್ಟಿಲುಗಳಿವೆ. ಅದರ ಬುಡದಲ್ಲಿ ಒಕ್ಕಲಿಗನು ತಡೆದು ನಿಂತನು. ಬಂಡಿಯ ಮೂಕಿಯ ಮೇಲೆ ಓಡುತ್ತ ಹತ್ತಬಲ್ಲವನಿಗೆ ಇಲ್ಲಿ ಕಾಲಿಡಲು ಅಳುಕು. ಗೆಳೆಯನು ಆಗಲೇ ಮೇಲೆ ಹೋಗಿ, ಅಲ್ಲಿಂದಲೇ ಕೈಬೀಸಿ ಕರೆಯುತ್ತಿದ್ದನು. ಆ ಹೊತ್ತಿಗೆ ಕಚೇರಿಯ ಪರಿಚಿತರೊಬ್ಬರು ಎದುರಾಗಿ, ಕೆಳಗೆ ನಿಂತವನನ್ನು ನೋಡಿ, “ಇವರು ಯಾರು?” ಎಂದು ಕೇಳಿದರು. “ನಮ್ಮೂರಿನವನು. ಬೆಂಗಳೂರು ನೋಡಬೇಕಾಗಿತ್ತು, ಕರೆದುಕೊಂಡು ಬಂದೆ” ಎಂಬ ಉತ್ತರವು ಬಂದಿತು. ಕೊನೆಗೆ ಮೆಟ್ಟಿಲೇರಿ ಬಂದ ಒಕ್ಕಲಿಗನ ಕಿವಿಗೆ ಆ ಮಾತು ಬಿದ್ದಿತು. ಮರುದಿನವೇ ಅವನು, “ಹೊಲದಾಗ ಕೆಲಸ ಐತಿ” ಎಂದು ಊರಿಗೆ ಹಿಂದಿರುಗಿದನು.

ಇಲ್ಲಿ ತಪ್ಪು ಯಾವದು? ನೌಕರನು ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅವನು ಅದೇ ಊರಿನವನು, ನಗರವನ್ನು ನೋಡಬಂದವನು, ಇವನೇ ಕರೆತಂದದ್ದು. ಹೇಳದೆ ಬಿಟ್ಟದ್ದು ‘ಗೆಳೆಯ’ ಎಂಬ ಒಂದೇ ಶಬ್ದ. ಅಶ್ವತ್ಥಾಮನು ಹತನಾದನೆಂದು ಹೇಳಿ, ‘ಆನೆ’ ಎಂಬದನ್ನು ಕೇಳದಂತೆ ಉಸುರಿದ ಧರ್ಮರಾಯನ ರಥವು ಅಂದೇ ನೆಲಕ್ಕಿಳಿಯಿತೆಂದು ಮಹಾಭಾರತವು ಹೇಳುವದು. ನಿಜವನ್ನೇ ಆಡಿಯೂ ಸತ್ಯಕ್ಕೆ ತಪ್ಪಬಹುದು. ಸಲ್ಲತಕ್ಕ ಹೆಸರನ್ನು ಸಲ್ಲತಕ್ಕ ಹೊತ್ತಿನಲ್ಲಿ ನುಂಗಿಕೊಳ್ಳುವದೂ ಅಂಥ ಒಂದು ತಪ್ಪೇ.

ಇದಕ್ಕೆ ಪೂರ್ವಪಕ್ಷವುಂಟು. ಸ್ನೇಹವು ಸಮಾನರಲ್ಲಿ ಮಾತ್ರ ನಿಲ್ಲತಕ್ಕದ್ದು. ಸಮಾನತೆಯು ಕಳೆದ ಮೇಲೆ ಹಳೆಯ ನಂಟನ್ನು ಎಳೆದು ಹಿಡಿಯುವದು ಇಬ್ಬರಿಗೂ ತೊಡಕು ಎಂಬದೇ ಆ ಪಕ್ಷ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದವನು ಪಾಂಚಾಲದ ದ್ರುಪದ. ಗುರುಕುಲದ ಒಡನಾಡಿ ದ್ರೋಣನು ಬಡತನದಲ್ಲಿ ಅವನ ಬಳಿಗೆ ಬಂದಾಗ, ಅರಸನಿಗೂ ಅರಸನಲ್ಲದವನಿಗೂ ಸಖ್ಯವೆಲ್ಲಿಯದೆಂದು ಅವನು ತಿರಸ್ಕರಿಸಿದನು. ಮುಂದೆ ದ್ರೋಣನು ಶಿಷ್ಯರಿಂದ ದ್ರುಪದನನ್ನು ಕಟ್ಟಿತರಿಸಿ, ಅವನ ಅರ್ಧ ರಾಜ್ಯವನ್ನು ಕೊಂಡು, ‘ಈಗ ಸಮಾನರಾದೆವು’ ಎಂಬಂತೆ ಸ್ನೇಹವನ್ನು ಬೇಡಿದನು. ಪೂರ್ವಪಕ್ಷವು ನಿಜವಾಗಿದ್ದರೆ ಅಂದೇ ಅವರ ಗೆಳೆತನವು ಚಿಗುರಬೇಕಾಗಿದ್ದಿತು. ಚಿಗುರಿದ್ದು ಹಗೆತನ. ದ್ರುಪದನು ದ್ರೋಣನನ್ನು ಕೊಲ್ಲುವ ಮಗನಿಗಾಗಿ ಯಜ್ಞವನ್ನೇ ಮಾಡಿದನು. ಆದಕಾರಣ ಸಮಾನತೆಯಿಂದ ಗೆಳೆತನವು ಹುಟ್ಟುವದೆಂಬ ಮಾತು ನಿಲ್ಲಲಾರದು. ಗೆಳೆತನವೇ ಸಮಾನತೆಯನ್ನು ದಿನದಿನವೂ ಉಂಟುಮಾಡತಕ್ಕದ್ದು.

ಅದನ್ನು ಉಂಟುಮಾಡುವ ಬಗೆ ಹೇಗೆಂಬದಕ್ಕೆ ಭಾಗವತದ ಕುಚೇಲನ ಕಥೆಯಿದೆ. ಅವನೂ ಹರಕು ಬಟ್ಟೆಯಲ್ಲಿ ದ್ವಾರಕೆಯೆಂಬ ಮಹಾನಗರವನ್ನು ಹೊಕ್ಕವನು. ಕೃಷ್ಣನು ಕೊಟ್ಟ ಸಂಪತ್ತನ್ನೇ ಜನರು ಹೊಗಳುವರು. ಆದರೆ ಧನಿಕನಾದವನಿಗೆ ಕೊಡುವದೇನೂ ಕಷ್ಟವಲ್ಲ. ನಾಚಿಕೆಯಿಂದ ಮರೆಮಾಡಿದ್ದ ಅವಲಕ್ಕಿಯ ಗಂಟನ್ನು ಕೃಷ್ಣನು ತಾನಾಗಿ ಸೆಳೆದು, ಎಲ್ಲರೆದುರಿಗೆ ಬಾಯಿಗೆ ಹಾಕಿಕೊಂಡನಲ್ಲ, ಆ ಕ್ಷಣದಲ್ಲಿ ಬಡವನು ಕೊಡುವವನಾದನು. ಹಲಗೇರಿಯ ನೌಕರನು ಊಟವನ್ನು ಕೊಂಡುಕೊಟ್ಟನು, ನಗರವನ್ನು ತೋರಿಸಿದನು. ಆದರೆ ಬುತ್ತಿಯನ್ನು ಬಿಚ್ಚಗೊಡದೆ, ಗೆಳೆಯನಿಗಿದ್ದ ಕೊಡುವ ಹಕ್ಕನ್ನು ಕಸಿದುಕೊಂಡನು. ಕೇವಲ ಪಡೆಯುವವನಾಗಿ ಉಳಿದವನು ಅತಿಥಿಯಾದಾನು, ಆಶ್ರಿತನಾದಾನು, ಗೆಳೆಯನಾಗಲಾರನು.

ಒಕ್ಕಲಿಗನೂ ಪೂರ್ಣ ನಿರ್ದೋಷಿಯಲ್ಲ. ನೊಂದದ್ದನ್ನು ಹೇಳದೆ ಹೊಲದ ನೆಪ ಹೇಳಿ ಹೊರಟನು. ಅವನ ಮಾತಿನಲ್ಲಿಯೂ ಒಂದು ಶಬ್ದವು ಬಿಟ್ಟುಹೋಗಿದ್ದಿತು. “ಯಾಕೋ, ನಾ ನಿನಗ ಏನಾಗಬೇಕಂತ ಅವರಿಗೆ ಹೇಳಲಿಲ್ಲ?” ಎಂದು ಕೇಳುವ ಅಧಿಕಾರವು ಬಾಲ್ಯದ ಗೆಳೆಯನಿಗಲ್ಲದೆ ಮತ್ತಾರಿಗಿದೆ? ಮೇಲಾಗಿ, ನಗರದಿಂದ ಬಂದವನಿಗೆ ಕುಂಟಿ ಹಿಡಿಯಲು ಬರದೆಂದು ಹೊಲದ ಬದುವಿನಲ್ಲಿ ನಿಂತು ನಗುವವರು ಹಳ್ಳಿಯಲ್ಲಿಯೂ ಉಂಟು. ಊರಲ್ಲಿ ಇವನು ದಾರಿ ಬಲ್ಲವನು, ನಗರದಲ್ಲಿ ಅವನು. ಆದುದರಿಂದ ಈ ಧರ್ಮವು ಒಬ್ಬನ ಮೇಲೆಯೇ ಹೊರಿಸಿದ ಹೊರೆಯಲ್ಲ. ಸರದಿಯಿಂದ ಇಬ್ಬರಿಗೂ ಬರುವದು.

ಪಯಣಿಗನಿಗೆ ಮಿತ್ರನು ಯಾರೆಂದು ಯಕ್ಷನು ಕೇಳಿದಾಗ, ಜೊತೆಯಲ್ಲಿ ನಡೆಯುವವರೇ ಎಂದು ಉತ್ತರಿಸಿದವನು ಧರ್ಮರಾಯ. ಕಡೆಯ ಪಯಣದಲ್ಲಿ ಅವನು ತನ್ನ ಆ ಮಾತನ್ನು ನಡೆಸಿ ತೋರಿಸಿದನು. ಇಂದ್ರನು ರಥವನ್ನು ತಂದು ನಿಲ್ಲಿಸಿ, ನಾಯಿಯನ್ನು ಬಿಟ್ಟು ಬರಬೇಕೆಂದಾಗ, ಒಡನೆ ನಡೆದು ಬಂದುದನ್ನು ಬಿಟ್ಟು ದೊರೆಯುವ ಸ್ವರ್ಗವು ತನಗೆ ಬೇಡವೆಂದನು. ಹಿಂದೆ ಒಂದು ಶಬ್ದವನ್ನು ನುಂಗಿದ್ದವನೇ ಅಂದು ಸ್ವರ್ಗದ ಬಾಗಿಲಲ್ಲಿ ಜೊತೆಗಾರನನ್ನು ತನ್ನವನೆಂದು ತೆರೆದು ಹೇಳಿದನು. ತಪ್ಪಿದವನು ತಿದ್ದಿಕೊಳ್ಳಲಾರನೆಂಬದೇನೂ ಇಲ್ಲ. ಹಲಗೇರಿಯ ನೌಕರನಿಗೆ ರಥವೂ ಬೇಡ, ಸ್ವರ್ಗವೂ ಬೇಡ. ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಗೆಳೆಯನ ಕಟ್ಟೆಯ ಮೇಲೆ ಕುಳಿತು, “ತಪ್ಪಾತೋ, ಇನ್ನೊಮ್ಮೆ ಹೋಗೂಣು ನಡಿ, ಬುತ್ತಿ ಕಟ್ಟಿಸಿಕೊಂಡು ಬಾ” ಎಂದರೆ ಸಾಕು. ಚಲಿಸುವ ಮೆಟ್ಟಿಲಿನ ಬುಡದಲ್ಲಿ ಈ ಸಲ ಅವನು ಗೆಳೆಯನ ಪಕ್ಕದಲ್ಲಿಯೇ ನಿಂತು, ಇಬ್ಬರೂ ಕೂಡಿಯೇ ಕಾಲಿಡಲಿ. ಏಳು ಹೆಜ್ಜೆ ನಡೆಯುವದಕ್ಕೆ ಬಹಳ ಹೊತ್ತು ಬೇಕಾಗದು. ಆದರೆ ಮುಂದೆ ಹೋದವನು ನಡೆದ ಏಳು ಹೆಜ್ಜೆ, ಹಿಂದೆ ಉಳಿದವನು ನಡೆದ ಏಳು ಹೆಜ್ಜೆ, ಇವೆರಡೂ ಕೂಡಿ ಸಾಪ್ತಪದೀನವಾಗಲಾರವು.