ಗ್ರಂಥಪಾಲರ ಸಮ್ಮೇಳನವೂ ವಾಚಕನ ಹಕ್ಕೂ

ಒಂದೇ ವೃತ್ತಿಯವರು ಒಂದೆಡೆ ಕೂಡುವರೆಂದರೆ ಲೋಕವು ಅದನ್ನು ತುಸು ಸಂಶಯದಿಂದಲೇ ನೋಡುವುದು ವಾಡಿಕೆ. ವರ್ತಕರು ಕೂಡಿದರೆ ಬೆಲೆಯೇರುವುದೆಂದೂ, ನೌಕರರು ಕೂಡಿದರೆ ಸಂಬಳದ ಮಾತು ಹೊರಡುವುದೆಂದೂ ಜನರು ಎಣಿಸುವರು. ಈ ಎಣಿಕೆಯು ಯಾವಾಗಲೂ ಸುಳ್ಳೆಂದು ಹೇಳುವ ಧೈರ್ಯ ನಮಗಿಲ್ಲ. ಗ್ರಂಥಪಾಲರ ಸಮ್ಮೇಳನದ ವಿಷಯದಲ್ಲಿಯಾದರೋ ಇನ್ನೊಂದು ಆಕ್ಷೇಪವೂ ಬಂದು ಸೇರುವುದು. ಸಣ್ಣ ಊರಿನ ಪುಸ್ತಕಭಂಡಾರಕ್ಕೆ ಒಬ್ಬನೇ ಅಧಿಕಾರಿ. ಬಾಗಿಲು ತೆರೆಯುವವನೂ ಅವನೇ, ಕಸ ಗುಡಿಸುವವನೂ ಅವನೇ, ಪುಸ್ತಕ ಕೊಡುವವನೂ ಅವನೇ. ಆತನು ಜಿಲ್ಲೆಯ ಮುಖ್ಯಸ್ಥಳಕ್ಕೆ ಸಭೆಗೆಂದು ಹೊರಟ ದಿನ ಬಾಗಿಲಿಗೆ ಬೀಗ. ಎರಡು ಮೈಲಿ ನಡೆದು ಬಂದ ವಿದ್ಯಾರ್ಥಿಯು ಆ ಬೀಗದ ದರ್ಶನವನ್ನು ಮಾಡಿ ಹಿಂದಿರುಗಬೇಕು. ಪುಸ್ತಕವನ್ನು ಕೊಡುವುದೇ ಯಾವನ ಧರ್ಮವೋ ಅವನು, ಕೊಡುವುದನ್ನು ನಿಲ್ಲಿಸಿ, ಕೊಡುವ ರೀತಿಯನ್ನು ಕುರಿತು ಮಾತನಾಡಲು ಹೋಗುವುದು ನ್ಯಾಯವೇ?

ಪ್ರಾಚೀನರು ಇಂಥ ಪ್ರಶ್ನೆಯನ್ನು ವೈದ್ಯನ ವಿಷಯದಲ್ಲಿ ವಿಚಾರಿಸಿರುವರು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ಎಂಟನೆಯ ಅಧ್ಯಾಯದೊಳಗೆ, ತದ್ವಿದ್ಯಸಂಭಾಷೆಯೆಂಬ ಪ್ರಕರಣವೊಂದುಂಟು. ವೈದ್ಯನು ವೈದ್ಯನೊಡನೆ ಸಂಭಾಷಿಸತಕ್ಕದ್ದೆಂಬುದು ಅಲ್ಲಿಯ ವಿಧಿ. ಸಂಶಯವಿದ್ದ ವಿಷಯವು ಅದರಿಂದ ನಿಶ್ಚಯಕ್ಕೆ ಬರುವುದು, ಹಿಂದೆ ಕೇಳದಿದ್ದುದು ಕಿವಿಗೆ ಬೀಳುವುದು ಎಂದು ಫಲಗಳನ್ನು ಹೇಳಿ, ಶಾಸ್ತ್ರಕಾರನು ಚಮತ್ಕಾರದ ಮಾತೊಂದನ್ನು ಕೂಡಿಸಿರುವನು. ಗುರುವು ಪ್ರಸನ್ನನಾಗಿ ಸೇವಾತತ್ಪರನಾದ ಶಿಷ್ಯನಿಗೆ ಕ್ರಮಕ್ರಮವಾಗಿ ತಿಳಿಸತಕ್ಕ ರಹಸ್ಯವನ್ನು, ಎದುರಾಳಿಯನ್ನು ಗೆಲ್ಲುವ ಹುರುಪಿನಲ್ಲಿ ಮನುಷ್ಯನು ಒಮ್ಮೆಗೇ ಹೊರಗೆಡಹಿಬಿಡುವನಂತೆ! ಮನುಷ್ಯಸ್ವಭಾವವನ್ನು ಇಷ್ಟು ಚೆನ್ನಾಗಿ ಬಲ್ಲ ಶಾಸ್ತ್ರಕಾರರು ವಿರಳ. ಸಂಭಾಷೆಯಲ್ಲಿ ಸ್ನೇಹಪೂರ್ವಕವಾದುದೊಂದು, ವಿಗ್ರಹಪೂರ್ವಕವಾದುದೊಂದು ಎಂಬ ವಿಭಾಗವೂ ಅಲ್ಲಿಯೇ ಉಂಟು. ನಮ್ಮ ಕಾಲದ ಸಭೆಗಳಲ್ಲಿ ಎರಡೂ ಇಲ್ಲದೆ ಬರಿಯ ಭಾಷಣವೆಂಬ ಮೂರನೆಯದೊಂದು ಹುಟ್ಟಿಕೊಂಡಿರುವುದನ್ನು ಚರಕನು ಕಂಡಿರಲಾರನು.

ವೈದ್ಯನಿಗೆ ವಿಧಿಸಿದುದು ಗ್ರಂಥಪಾಲನಿಗೂ ಸಲ್ಲುವುದೆಂದು ಹೇಳಿದರೆ ಸಾಲದು. ಅವನಿಗೆ ಅದು ಹೆಚ್ಚಾಗಿ ಸಲ್ಲುವುದೆಂಬುದು ನಮ್ಮ ಪಕ್ಷ. ಅದಕ್ಕೆ ಕಾರಣವುಂಟು. ವೈದ್ಯನು ತಪ್ಪಿದರೆ ರೋಗಿಯ ದೇಹವೇ ಸಾಕ್ಷಿ ನುಡಿಯುವುದು. ಬಡಗಿಯು ತಪ್ಪಿದರೆ ಬಾಗಿಲು ಚೌಕಟ್ಟಿಗೆ ಕೂರದು. ಉಪಾಧ್ಯಾಯನ ತಪ್ಪು ಕೂಡ ಪರೀಕ್ಷೆಯ ದಿನ ಬಯಲಾಗುವುದು. ಗ್ರಂಥಪಾಲನ ತಪ್ಪಿಗೆ ಮಾತ್ರ ಸಾಕ್ಷಿಯೇ ಇಲ್ಲ. ತನಗೆ ಬೇಕಾದ ಗ್ರಂಥವೊಂದುಂಟೆಂಬುದನ್ನೇ ಅರಿಯದ ವಾಚಕನು, ಅದು ದೊರೆಯಲಿಲ್ಲವೆಂದು ದೂರುವುದು ಹೇಗೆ? ‘ಇಲ್ಲ’ ಎಂಬ ಎರಡಕ್ಷರವನ್ನು ಕೇಳಿ ಅವನು ಸುಮ್ಮನೆ ಹೊರಟುಹೋಗುವನು. ಹೇಳಿದವನೂ ತಾನು ಸತ್ಯವನ್ನೇ ನುಡಿದೆನೆಂದು ನಂಬಿರುವನು. ಪುಸ್ತಕವು ಅದೇ ಕೊಠಡಿಯ ಬೇರೊಂದು ಬೀರುವಿನಲ್ಲಿರಬಹುದು, ನೆರೆಯ ತಾಲ್ಲೂಕಿನಲ್ಲಿರಬಹುದು. ಹೀಗೆ ಮೂವತ್ತು ವರ್ಷಗಳ ಸೇವೆಯನ್ನು ಮುಗಿಸಿ, ಎಲ್ಲರಿಂದಲೂ ಒಳ್ಳೆಯವನೆನಿಸಿಕೊಂಡು, ಸಾವಿರಾರು ‘ಇಲ್ಲ’ಗಳ ಭಾರವು ತನ್ನ ಮೇಲಿರುವುದನ್ನು ಅರಿಯದೆಯೇ ನಿವೃತ್ತನಾಗುವುದು ಸಾಧ್ಯ. ಅವನ ಕೊರತೆಯನ್ನು ಕಾಣಬಲ್ಲವನು ಮತ್ತೊಬ್ಬ ಗ್ರಂಥಪಾಲನೇ ಹೊರತು ಬೇರಾರೂ ಅಲ್ಲ. ಆದುದರಿಂದ ಸಹವೃತ್ತಿಯವರ ಸಮ್ಮೇಳನವು ಅವನಿಗೆ ಉತ್ಸವವಲ್ಲ. ತಾನಾಗಿ ಕಾಣಲಾರದ ತನ್ನ ಬೆನ್ನನ್ನು ಇತರರಿಗೆ ತೋರಿಸುವ ಸ್ಥಳ.

ನಿದರ್ಶನವೊಂದನ್ನು ಕೊಡುವೆವು. ನಮ್ಮ ಗ್ರಂಥಕರ್ತರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು ಮೇಲುನೋಟಕ್ಕೆ ಮಕ್ಕಳ ಕೆಲಸದಂತೆ ತೋರುವುದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರನ್ನು ಎಲ್ಲಿ ಇಡತಕ್ಕದ್ದು? ಊರ ಹೆಸರೆಂದು ‘ಕು’ವಿನಲ್ಲಿಯೋ, ಸ್ವಂತ ನಾಮವೆಂದು ‘ಪು’ವಿನಲ್ಲಿಯೋ, ಕುವೆಂಪು ಎಂಬ ಕಾವ್ಯನಾಮದ ಸ್ಥಾನದಲ್ಲಿಯೋ? ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಶ್ರೀನಿವಾಸರೂ ಹೌದು, ಬೇಂದ್ರೆಯವರು ಅಂಬಿಕಾತನಯದತ್ತರೂ ಹೌದು, ಡಿ.ವಿ.ಜಿ.ಯವರನ್ನು ದೇವನಹಳ್ಳಿಯಿಂದ ಹಿಡಿಯಬೇಕೋ ಗುಂಡಪ್ಪನವರೆಂದು ಹುಡುಕಬೇಕೋ? ಪಾಶ್ಚಾತ್ಯರ ವಂಶನಾಮದ ನಿಯಮವು ಇಲ್ಲಿ ನಡೆಯದು. ಒಂದೂರಿನವನು ಒಂದು ಬಗೆಯಾಗಿಯೂ ನೆರೆಯೂರಿನವನು ಮತ್ತೊಂದು ಬಗೆಯಾಗಿಯೂ ಬರೆದಿಟ್ಟರೆ, ಎರಡೂ ಊರುಗಳಲ್ಲಿ ಓದುವ ವಿದ್ಯಾರ್ಥಿಗೆ ಅರ್ಧ ಗ್ರಂಥಗಳು ಕಾಣೆಯಾದಂತೆಯೇ ಸರಿ. ಇವರಲ್ಲಿ ಯಾರೂ ಸೋಮಾರಿಗಳಲ್ಲ, ಅಜ್ಞರಲ್ಲ. ಒಬ್ಬರನ್ನೊಬ್ಬರು ಕಾಣಲಿಲ್ಲ, ಅಷ್ಟೆ. ಒಂದು ದಿನ ಕುಳಿತು, ಜಗಳವಾಡಿಯಾದರೂ ಒಂದು ನಿಯಮಕ್ಕೆ ಬಂದರೆ, ಆ ದಿನದ ಬೀಗದ ಸಾಲವು ತೀರಿದಂತಾಯಿತು.

ಈ ಮಾತು ಹೊಸದೇನೂ ಅಲ್ಲ. ಆಂಧ್ರದೇಶದವರು 1914ರಷ್ಟು ಹಿಂದೆಯೇ ಬೆಜವಾಡದಲ್ಲಿ ಗ್ರಂಥಾಲಯ ಸಮ್ಮೇಳನವನ್ನು ಕೂಡಿಸಿ ಸಂಘವನ್ನು ಕಟ್ಟಿದರು. ಅಯ್ಯಂಕಿ ವೆಂಕಟರಮಣಯ್ಯನವರ ಹೆಸರು ಆ ಉದ್ಯಮದೊಡನೆ ಬೆಸೆದುಕೊಂಡಿರುವುದು. ಮದರಾಸಿನ ಗ್ರಂಥಾಲಯ ಸಂಘವು ಹುಟ್ಟಿದುದು 1928ರಲ್ಲಿ. ಅದರ ಪ್ರಾಣಸ್ವರೂಪರಾಗಿದ್ದ ರಂಗನಾಥನ್ ಅವರು ಮೊದಲು ಗಣಿತದ ಅಧ್ಯಾಪಕರು. 1924ರಲ್ಲಿ ವಿಶ್ವವಿದ್ಯಾನಿಲಯದ ಗ್ರಂಥಪಾಲಕತ್ವಕ್ಕೆ ಬಂದು, ಆಮೇಲೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಗ್ರಂಥಭಂಡಾರಗಳನ್ನು ಒಂದೊಂದಾಗಿ ನೋಡಿ ಕಲಿತವರು. ಹಿಂದಿರುಗಿ ಬಂದ ಮೇಲೆ ಆ ವಿದ್ಯೆಯನ್ನು ತಮ್ಮ ಕೊಠಡಿಯಲ್ಲಿಟ್ಟುಕೊಳ್ಳದೆ, 1929ರ ಬೇಸಗೆಯಲ್ಲಿ ಸಂಘದ ಮೂಲಕ ಇತರರಿಗೆ ಪಾಠವನ್ನು ಆರಂಭಿಸಿದರು. ಅವರ ಸುಪ್ರಸಿದ್ಧವಾದ ಐದು ಸೂತ್ರಗಳು ಗ್ರಂಥರೂಪವನ್ನು ತಾಳಿದುದು 1931ರಲ್ಲಿ. ಅವುಗಳನ್ನು ಮೊದಲು ಸಭೆಯ ಮುಂದಿಟ್ಟುದು ಮಾತ್ರ 1928ರ ಕೊನೆಯಲ್ಲಿ ಚಿದಂಬರದಲ್ಲಿ ನೆರೆದ ಶಿಕ್ಷಣ ಸಮ್ಮೇಳನದಲ್ಲಿ, ಉಪಾಧ್ಯಾಯರ ಎದುರಿಗೆ. ಇದು ಗಮನಾರ್ಹ. ಗ್ರಂಥಪಾಲರು ತಮ್ಮತಮ್ಮಲ್ಲಿಯೇ ಕೂಡಿ ಬಾಗಿಲನ್ನು ಮುಚ್ಚಿಕೊಂಡಿದ್ದರೆ ಆ ಸೂತ್ರಗಳಿಗೆ ಅಷ್ಟು ತಿಳಿಯಾದ ಮಾತು ದೊರೆಯುತ್ತಿತ್ತೋ ಇಲ್ಲವೋ. ರಂಗನಾಥನ್ ಅವರು 1957ರಲ್ಲಿ ಬೆಂಗಳೂರಿಗೆ ಬಂದು ನೆಲಸಿದರು. 1962ರಲ್ಲಿ ಅವರ ಪ್ರಯತ್ನದಿಂದ ಅಲ್ಲಿ ಈ ವಿದ್ಯೆಗೆಂದೇ ಸಂಶೋಧನೆ ಮತ್ತು ಶಿಕ್ಷಣಗಳ ಕೇಂದ್ರವೊಂದು ಸ್ಥಾಪಿತವಾಯಿತು.

ಹಸ್ತಪ್ರತಿಗಳ ಲೋಕದಲ್ಲಿ ಒಂಟಿತನದ ನಷ್ಟವು ಇನ್ನೂ ದೊಡ್ಡದು. 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಭಂಡಾರಕ್ಕೆ ತಂದೊಪ್ಪಿಸಿದರು. ಅಲ್ಲಿಯ ಗ್ರಂಥಪಾಲರಾಗಿದ್ದ ಶಾಮಶಾಸ್ತ್ರಿಗಳು ಅದರ ಬೆಲೆಯನ್ನರಿತು 1909ರಲ್ಲಿ ಮುದ್ರಿಸಿದರು. ನಷ್ಟವಾಯಿತೆಂದು ವಿದ್ವಾಂಸರು ಕೈಬಿಟ್ಟಿದ್ದ ಗ್ರಂಥವದು. ಆಮೇಲೆ ನೋಡಿದರೆ ಕೇರಳದಲ್ಲಿಯೂ ಅದರ ಪ್ರತಿಗಳಿದ್ದುವು. 1924ರಿಂದ ತಿರುವನಂತಪುರದಲ್ಲಿ ಗಣಪತಿಶಾಸ್ತ್ರಿಗಳು ಅವುಗಳನ್ನಾಧರಿಸಿ ಸವ್ಯಾಖ್ಯಾನವಾಗಿ ಪ್ರಕಟಿಸಿದರು. ಅಷ್ಟು ಕಾಲ ಆ ಓಲೆಗಳು ತಮ್ಮತಮ್ಮ ಪೆಟ್ಟಿಗೆಗಳಲ್ಲಿ ಸುರಕ್ಷಿತವಾಗಿಯೇ ಇದ್ದುವು. ಎಣ್ಣೆಯಿಂದಲೂ ನೀರಿನಿಂದಲೂ ಮೂರ್ಖರ ಕೈಯಿಂದಲೂ ಪುಸ್ತಕವನ್ನು ಕಾಪಾಡಿರೆಂದು ಲಿಪಿಕಾರರು ಬೇಡಿಕೊಳ್ಳುತ್ತಿದ್ದರಷ್ಟೆ. ಕಾಪಾಡಿದವರು ಧನ್ಯರೇ ಸರಿ. ಆದರೆ ಕಾಪಾಡಿದುದು ಇಲ್ಲಿದೆಯೆಂದು ಇನ್ನೊಬ್ಬ ಕಾವಲುಗಾರನಿಗೆ ತಿಳಿಸದಿದ್ದರೆ, ಜೋಪಾನ ಮಾಡಿದುದಕ್ಕೂ ಹೂತಿಟ್ಟುದಕ್ಕೂ ಎಷ್ಟು ಅಂತರ?

ಇಷ್ಟು ಹೇಳಿದ ಮೇಲೆ ಈಗಿನ ಸಮ್ಮೇಳನಗಳನ್ನೆಲ್ಲ ನಾವು ಹೊಗಳುವೆವೆಂದು ವಾಚಕರು ತಿಳಿಯಬಾರದು. ಅರ್ಧ ದಿನವು ಸ್ವಾಗತ, ಹಾರ, ಶಾಲು, ಭಾವಚಿತ್ರಗಳಿಗೆ; ಉಳಿದರ್ಧವು ಪ್ರಮಾಣಪತ್ರದ ವಿತರಣೆಗೆ. ಬಂದವರಲ್ಲಿ ಕೆಲವರು ಮೇಲಧಿಕಾರಿಗಳ ಪರಿಚಯವನ್ನು ಸಂಪಾದಿಸಿಕೊಂಡು ಸಂತುಷ್ಟರಾಗಿ ಹೋಗುವರು. ಪರಿಚಯವು ತಾನೇ ಕೆಟ್ಟುದೆಂದು ನಾವು ಹೇಳೆವು. ನನ್ನ ಬಡತಿಗೆ ನೆರವಾದೀತೆಂದು ಬೆಳೆಸುವ ಪರಿಚಯವೊಂದು. ನನ್ನಲ್ಲಿ ಇಲ್ಲದ ಪುಸ್ತಕವು ಈತನಲ್ಲಿ ಉಂಟೆಂದು ನೆನಪಿಡುವ ಪರಿಚಯವೊಂದು. ನಗುಮುಖವು ಎರಡಕ್ಕೂ ಒಂದೇ. ಸಭೆ ಮುಗಿದು ತಿಂಗಳು ಕಳೆದ ಬಳಿಕ ಇವರಿಬ್ಬರ ನಡುವೆ ಒಂದು ಕಾಗದವಾದರೂ ಒಂದು ಪುಸ್ತಕವಾದರೂ ಓಡಾಡಿತೇ ಎಂದು ವಿಚಾರಿಸಿದರೆ ಯಾವುದು ಯಾವುದೆಂಬುದು ತಿಳಿಯುವುದು.

ಇನ್ನೊಂದು ಅನ್ಯಾಯವುಂಟು. ಇಂಥ ಸಭೆಗಳಿಗೆ ಬರುವವರು ಬಹುಮಟ್ಟಿಗೆ ಕಾಲೇಜು ವಿಶ್ವವಿದ್ಯಾನಿಲಯಗಳವರು. ಪ್ರತಿದಿನವೂ ಹತ್ತು ಮಂದಿ ಸಹೋದ್ಯೋಗಿಗಳೊಡನೆ ಮಾತನಾಡುವ ಅನುಕೂಲವುಳ್ಳವರು. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳೆಂಬ ಚೆಲುವಾದ ಹೆಸರನ್ನು ಪಡೆದಿವೆ. ಅಲ್ಲಿಯ ಮೇಲ್ವಿಚಾರಕನು ಅಥವಾ ಮೇಲ್ವಿಚಾರಕಿಯು ಒಂಟಿಜೀವ. ಹುಳು ಹಿಡಿದ ಸಂಪುಟವನ್ನು ಏನು ಮಾಡಬೇಕೆಂದಾಗಲಿ, ಅಕ್ಷರ ಬಾರದ ಮುದುಕಿಗೆ ಗ್ರಂಥಾಲಯದಿಂದ ಏನು ಪ್ರಯೋಜನವೆಂದಾಗಲಿ ಕೇಳಲು ಆ ಊರಿನಲ್ಲಿ ಯಾರಿರುವರು? ಸಭೆಯು ಯಾರಿಗೆ ಅತ್ಯಗತ್ಯವೋ ಅವರಿಗೇ ಬಸ್ಸಿನ ಖರ್ಚು ಭಾರ. ಈಗ ಕೈಯೊಳಗಿನ ದೂರವಾಣಿಯಲ್ಲಿಯೇ ನೂರು ಮಂದಿ ಮುಖ ನೋಡಿ ಮಾತನಾಡಬಹುದಲ್ಲ ಎಂಬ ಸಮಾಧಾನವನ್ನು ಕೇಳಿದ್ದೇವೆ. ಆಗಲಿ, ಬಳಸಲಿ. ಆದರೆ ಆ ಗಾಜಿನ ಸಭೆಯಲ್ಲಿ ದೊಡ್ಡವರು ಮಾತನಾಡುವರು, ಚಿಕ್ಕವರು ಕೇಳುವರು. ಊಟದ ಪಂಕ್ತಿಯಲ್ಲಿ ಪಕ್ಕದವನನ್ನು ನಾಚಿಕೆಯಿಲ್ಲದೆ ಕೇಳಿಬಿಡುವ ಸಣ್ಣ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ.

ಹಾಗಾದರೆ ಮೊದಲಿನ ಬೀಗದ ಮಾತೇನು? ರಜಾದಿನದಲ್ಲಿ ಸಭೆ ಸೇರಲಿ ಎನ್ನುವುದು ಸುಲಭ. ಅಲ್ಪವೇತನದವನ ವಿಶ್ರಾಂತಿಯನ್ನು ಕಿತ್ತುಕೊಳ್ಳುವುದೂ ಧರ್ಮವಲ್ಲ. ಆ ದಿನದ ಮಟ್ಟಿಗೆ ಬೀಗದ ಕೈಯನ್ನು ಶಾಲೆಯ ಉಪಾಧ್ಯಾಯರಿಗೋ ನಂಬಿಕೆಯ ವಾಚಕನಿಗೋ ಒಪ್ಪಿಸಬಹುದು. ಅದಕ್ಕಿಂತ ಮುಖ್ಯವಾದುದು, ಪ್ರತಿ ಗ್ರಂಥಪಾಲನೂ ‘ಇಲ್ಲ’ಗಳ ಲೆಕ್ಕವೊಂದನ್ನು ಇಡುವುದು: ಯಾರು ಯಾವ ದಿನ ಏನನ್ನು ಕೇಳಿದರು, ಏನನ್ನು ಕೊಡಲಾಗಲಿಲ್ಲ. ಸಭೆಗೆ ಹೋಗುವಾಗ ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋಗಲಿ. ಸ್ವಾಗತಭಾಷಣದ ಸ್ಥಾನದಲ್ಲಿ ಅವುಗಳ ವಾಚನವೇ ನಡೆಯಲಿ. ಒಬ್ಬನು ಓದುತ್ತಿರುವಾಗ ‘ಅದು ನನ್ನಲ್ಲುಂಟು’ ಎಂದು ಮತ್ತೊಬ್ಬನು ಎದ್ದು ನಿಲ್ಲಲಿ. ಅತಿ ದೂರದ ಹಳ್ಳಿಯವರಿಗೆ ಮೊದಲ ಸರದಿ ಸಲ್ಲಬೇಕು, ಅವರಿಗೆ ಸಾಯಂಕಾಲದ ಕಡೆಯ ಬಸ್ಸು ತಪ್ಪಬಾರದಷ್ಟೆ.