ಎಪ್ಪತ್ತೆರಡರಲ್ಲಿ ಒಂದು ಪಾಲಿನ ಯುದ್ಧ

ಕೊಲ್ಲಲೆಂದೇ ಮಾಡಿದ ಯಂತ್ರವನ್ನು ಅಂಗೈಯಗಲಕ್ಕೆ ಇಳಿಸಿ, ಬಣ್ಣ ಬಳಿದು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಂತೋಷಪಡುವುದು ಸರಿಯೆ? ಮೊದಲ ಮಹಾಯುದ್ಧದ ವಿಮಾನಗಳ ಮಾದರಿ ಕಟ್ಟುವವರನ್ನು ಕೇಳಿದರೆ, ನಮಗೆ ಯಂತ್ರದ ಮೇಲೆ ಪ್ರೀತಿ, ಯುದ್ಧದ ಮೇಲಲ್ಲ ಎನ್ನುತ್ತಾರೆ. ಪ್ರಾಮಾಣಿಕ ಉತ್ತರವೇ. ಆದರೆ ಅಷ್ಟು ಸಾಲದು ಎಂಬುದು ನನ್ನ ವಾದ.

ನೆದರ್‌ಲ್ಯಾಂಡ್ಸ್‌ನಲ್ಲಿ ಈ ಪ್ರಶ್ನೆಯ ತೂಕವೇ ಬೇರೆ. 1914–18ರ ಯುದ್ಧದಲ್ಲಿ ಈ ದೇಶ ತಟಸ್ಥವಾಗಿತ್ತು. ಆದರೂ ಆ ಯುದ್ಧದ ಅತಿ ಹೆಸರುವಾಸಿ ಜರ್ಮನ್ ವಿಮಾನಗಳು ಹೊರಬಂದದ್ದು ಒಬ್ಬ ಡಚ್ಚನ ಕಾರ್ಖಾನೆಯಿಂದ. ಜಾವಾದಲ್ಲಿ ಹುಟ್ಟಿ ಹಾರ್ಲೆಮ್‌ನಲ್ಲಿ ಬೆಳೆದ ಆಂಟನಿ ಫೊಕ್ಕರ್ 1911ರಲ್ಲಿ ತಾನೇ ಕಟ್ಟಿದ ‘ಸ್ಪಿನ್’ ವಿಮಾನದಲ್ಲಿ ಊರಿನ ಸೇಂಟ್ ಬಾವೋ ಚರ್ಚನ್ನು ಸುತ್ತು ಹಾಕಿದಾಗ ಆತನಿಗೆ 21 ವರ್ಷ. ನಾಲ್ಕು ವರ್ಷದಲ್ಲಿ, ಜರ್ಮನಿಯ ಶ್ವೆರಿನ್‌ನಲ್ಲಿದ್ದ ಆತನ ಕಾರ್ಖಾನೆ, ತಿರುಗುವ ಪ್ರೊಪೆಲ್ಲರಿನ ಅಲಗುಗಳ ನಡುವಿನಿಂದಲೇ ಗುಂಡು ಹಾರಿಸುವ ಮೆಷಿನ್ ಗನ್ನನ್ನು ವಿಮಾನಕ್ಕೆ ಕೂರಿಸಿತ್ತು. ಮೂತಿ ತಿರುಗಿಸಿದರೆ ಸಾಕು, ಇಡೀ ವಿಮಾನವೇ ಬಂದೂಕು.

ಅದನ್ನು ತೋರಿಸಿಕೊಡಲು ಫೊಕ್ಕರ್ ಸ್ವತಃ ಯುದ್ಧರಂಗದ ಮೇಲೆ ಹಾರಿದ. ಫ್ರೆಂಚ್ ವಿಮಾನವೊಂದು ಗುರಿಗೆ ಸಿಕ್ಕಿತು. ಗುಂಡು ಹಾರಿಸಿದರೆ ಅದರಲ್ಲಿರುವವರು ಸಾಯುತ್ತಾರೆ ಎಂದು ಆ ಕ್ಷಣ ಅನ್ನಿಸಿ ಹಿಂತಿರುಗಿದೆ, ಕೊಲ್ಲುವ ಕೆಲಸವನ್ನು ಜರ್ಮನ್ನರೇ ಮಾಡಿಕೊಳ್ಳಲಿ ಅಂದೆ ಎಂದು 1931ರ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಬಂದೂಕನ್ನು ಮಾತ್ರ ವಾಪಸು ಪಡೆಯಲಿಲ್ಲ. ಮನುಷ್ಯರು ಕಣ್ಣೆದುರಿಗಿದ್ದಾಗ ಕೈ ತಡೆಯಿತು. ಕಾರ್ಖಾನೆಯಲ್ಲಿ ಉಳಿದದ್ದು ಯಂತ್ರದ ಪ್ರೀತಿಯೊಂದೇ. ಅದು ಸಾಲದು ಎಂದದ್ದು ಇದಕ್ಕೇ.

ಇನ್ನು ಮೇಜಿನ ಮೇಲಿನ ಮಾದರಿ. 1/72ರ ಪ್ರಮಾಣದಲ್ಲಿ ಫೊಕ್ಕರನ ಮೂರು ರೆಕ್ಕೆಯ ವಿಮಾನ ಹತ್ತು ಸೆಂಟಿಮೀಟರ್ ಅಗಲ, ಪಕ್ಕದಲ್ಲಿ ನಿಂತ ಪೈಲಟ್ ಎರಡೂವರೆ ಸೆಂಟಿಮೀಟರಿಗೂ ಗಿಡ್ಡ. ಅರ್ಧ ಮೀಟರ್ ಮೇಲಿಂದ ಬಗ್ಗಿ ನೋಡಿದರೆ ನಮ್ಮ ಕಣ್ಣು ಅವನಿಂದ 36 ಮೀಟರ್ ಎತ್ತರದಲ್ಲಿದ್ದ ಹಾಗಾಯಿತು. ಕಂದಕಗಳಲ್ಲಿದ್ದ ಸೈನಿಕರ ಮೇಲೆ ಗುಂಡಿನ ಮಳೆಗರೆಯಲು ವಿಮಾನಗಳು ಕೆಲವೊಮ್ಮೆ ಇಳಿದು ಬರುತ್ತಿದ್ದದ್ದೂ ಅಷ್ಟೇ ಎತ್ತರಕ್ಕೆ. ಮಾದರಿಯನ್ನು ಮೆಚ್ಚುತ್ತ ನಿಂತವರು ತಿಳಿಯದೆಯೇ ಹೊಡೆಯುವವನ ಜಾಗದಲ್ಲಿ ನಿಂತಿರುತ್ತಾರೆ. ಕಿರಿದು ಮಾಡುವುದರ ನಿಜವಾದ ಅಪಾಯ ಇದು.

ಹಾಗೆಂದು ಈ ಕಲೆಯನ್ನು ಬಿಡಬೇಕೆಂದಲ್ಲ. ನಮ್ಮ ಮನೆಗಳಲ್ಲಿ ದಸರಾ ಬೊಂಬೆಗೆ ಮೆಟ್ಟಿಲು ಕಟ್ಟುತ್ತೇವೆ. ಕೆಳಗೆ ಕೂತರೆ ಪಟ್ಟದ ಗೊಂಬೆಯ ಮುಖವನ್ನು ನಾವೇ ತಲೆಯೆತ್ತಿ ನೋಡಬೇಕು. ಯುದ್ಧದ ದೃಶ್ಯಕ್ಕೂ ಆ ಎತ್ತರ ಬೇಕು, ಆ ಮುಖ ಬೇಕು. ಬರೀ ವಿಮಾನವನ್ನು ತಂತಿಗೆ ತೂಗುಹಾಕುವುದಕ್ಕಿಂತ ನೆಲ, ಕೆಸರು, ಜನರ ಸಮೇತ ಡಯೊರಾಮ ಕಟ್ಟುವುದು ಮೇಲು ಅನ್ನುವುದೂ ಇದರಿಂದಲೇ. ಆ ಕಾಲದ ರೋಟರಿ ಎಂಜಿನ್ನುಗಳಿಗೆ ಹಾಕುತ್ತಿದ್ದದ್ದು ಹರಳೆಣ್ಣೆ. ಅದು ಹೊರಗೆ ಚಿಮ್ಮಿ ವಿಮಾನದ ಹೊಟ್ಟೆಗೂ ಪೈಲಟ್ಟಿನ ಮುಖಕ್ಕೂ ಮೆತ್ತುತ್ತಿತ್ತು. ಪಳಗಿದ ಕೈ ಆ ಕಂದು ಜಿಡ್ಡನ್ನು ತೆಳುಬಣ್ಣದಲ್ಲಿ, ಗಾಳಿ ಹೊಡೆದ ದಿಕ್ಕಿಗೇ ಎಳೆದು ತರುತ್ತದೆ. ಬಟ್ಟೆ ಹಿಡಿದು ಅದನ್ನು ಒರೆಸುವ ಮೆಕ್ಯಾನಿಕ್ಕನ್ನೂ ನಿಲ್ಲಿಸಿದರೆ, ಹಾರಿಹೋದವನು ಮರಳಿ ಬರಲಿ ಎಂದು ಕಾಯುವವರಿದ್ದರು ಎಂಬುದೂ ಕಾಣುತ್ತದೆ. ಕರಾರುವಾಕ್ಕಿಗೆ ನೈತಿಕ ಬೆಲೆ ಬರುವುದು ಇಂಥ ಕಡೆ. ರಕ್ತ ಬಳಿಯಬೇಕಾಗಿಲ್ಲ, ಅದೂ ಇನ್ನೊಂದು ಬಗೆಯ ಮೋಜಾಗಿಬಿಡುತ್ತದೆ.

ನೆದರ್‌ಲ್ಯಾಂಡ್ಸ್‌ನ ಸೂಸ್ಟರ್‌ಬರ್ಗ್‌ನಲ್ಲಿರುವ ರಾಷ್ಟ್ರೀಯ ಮಿಲಿಟರಿ ಮ್ಯೂಸಿಯಂನಲ್ಲಿ ಫೊಕ್ಕರ್ ಡಿ7 ಇದೆ. ಜರ್ಮನಿ ಒಪ್ಪಿಸಲೇಬೇಕೆಂದು 1918ರ ಕದನವಿರಾಮದ ಕರಾರು ಹೆಸರು ಹಿಡಿದು ಕೇಳಿದ ವಿಮಾನ ಇದು. ಅದೇ ವರ್ಷ ಜುಲೈ 22ರಂದು ಫ್ರಾನ್ಸಿನಲ್ಲಿ ಡಿ7ಗಳೊಡನೆ ಕಾದಾಡುತ್ತ ಸತ್ತವನು ಬ್ರಿಟಿಷ್ ವಾಯುಪಡೆಯ ಪೈಲಟ್, ಕಲ್ಕತ್ತೆಯ ಇಂದ್ರಲಾಲ್ ರಾಯ್. ವಯಸ್ಸು 19. ಅದಕ್ಕೆ ಮುಂಚಿನ ಎರಡು ವಾರದಲ್ಲಿ ಆತನ ಲೆಕ್ಕಕ್ಕೂ ಹತ್ತು ಜಯಗಳಿದ್ದವು. ಕೊಂದವನೂ ಸತ್ತವನೂ ಅವನೇ.

ಆದ್ದರಿಂದ ಡಿ7 ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟು: ರಾಯ್ ಹಾರಿಸಿದ ಎಸ್‌ಇ5ಎ ವಿಮಾನವನ್ನೂ ಕಟ್ಟಿ, ಎರಡರ ಪಕ್ಕದಲ್ಲೂ ಜನರನ್ನು ನಿಲ್ಲಿಸಿ, ಪೀಠವನ್ನು ನೋಡುವವರ ಕಣ್ಣಿನ ಮಟ್ಟಕ್ಕೆ ಏರಿಸಿ.