ಕಂಬಕ್ಕೆ ಕೋಟಿ, ಕಂಠಕ್ಕೆ?

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಊರು ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಏಕೀಕರಣಕ್ಕೆ ಇನ್ನೂ ಆರು ವರ್ಷ ಕಾಯಬೇಕಿತ್ತು. ಅಂದರೆ ಆಡಳಿತದ ಭಾಷೆಯಾಗುವ ಎಷ್ಟೋ ಮೊದಲೇ ಈ ಸೀಮೆಯ ಕನ್ನಡ ಸರ್ಕಾರಿ ಖರ್ಚಿನಲ್ಲಿ ಗಾಳಿಗೇರಿತು. ರೇಡಿಯೊ ಇದ್ದ ಮನೆಗಳೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಅದು ಲಾಭದ ಬಾಬತ್ತಾಗುವ ಮಾತೇ ಇರಲಿಲ್ಲ.

ಈಗ ಬಜೆಟ್ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಮೊಬೈಲ್ ಕಾಲದಲ್ಲಿ ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಗೆ ಇಷ್ಟು ದುಡ್ಡು ಯಾಕೆ? ಕೇಳಬೇಕಾದದ್ದೇ. ಆದರೆ ಎಷ್ಟು ಎಂದು ಕೇಳುವವರು ಯಾತಕ್ಕೆ ಎಂದು ಕೇಳುವುದಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಪ್ರಸಾರ ಮೂಲಸೌಕರ್ಯದ 'ಬಿಂಡ್' ಯೋಜನೆಗೆ 2,539.61 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಮುಖ್ಯ ಗುರಿ ಟ್ರಾನ್ಸ್‌ಮಿಟರ್, ಸ್ಟುಡಿಯೊ, ಎಫ್‌ಎಂ ವಿಸ್ತರಣೆ. ಕಂಬ ಬೇಡವೆನ್ನಲಾರೆ, 765 ಕಿಲೋಹರ್ಟ್ಸ್‌ನ ಮೀಡಿಯಂ ವೇವ್ ಇಲ್ಲದಿದ್ದರೆ ಧಾರವಾಡದ ಮಾತು ಗದಗ, ಹಾವೇರಿಯ ಹೊಲಗಳನ್ನು ಮುಟ್ಟುತ್ತಲೇ ಇರಲಿಲ್ಲ. ಆದರೆ ಈ ನಿಲಯಕ್ಕೆ ಹೆಸರು ತಂದವರು ಮನುಷ್ಯರು. ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಮುಗಿಸಿ 1956ರಲ್ಲಿ ಬಂದ ಅರವತ್ತರ ಬೇಂದ್ರೆ ಇಲ್ಲಿ ಸಲಹೆಗಾರರಾಗಿದ್ದರು. ಸಂಗೀತಕ್ಕೆ ಮಲ್ಲಿಕಾರ್ಜುನ ಮನಸೂರರ ಸಲಹೆ ಇತ್ತು. ಇಂಥವರ ಅಭಿರುಚಿಯನ್ನು ಯಾವ ಟೆಂಡರಿನಲ್ಲಿ ಖರೀದಿಸುತ್ತೀರಿ? ಇಂದು ದೇಶದ ಹಲವು ನಿಲಯಗಳಲ್ಲಿ ಮೈಕಿನ ಮುಂದಿರುವವರು ಡ್ಯೂಟಿ ಲೆಕ್ಕದ ಕ್ಯಾಶುಯಲ್ ಉದ್ಘೋಷಕರು. ತಿಂಗಳಿಗೆ ಕೆಲವೇ ಪಾಳಿ, ಪಾಳಿಗಿಷ್ಟು ಕಾಸು. ಹೊಸ ಯಂತ್ರವನ್ನು ರಿಬ್ಬನ್ ಕತ್ತರಿಸಿ ಉದ್ಘಾಟಿಸಬಹುದು. ಒಳ್ಳೆಯ ನಿರ್ಮಾಪಕನನ್ನು ಉದ್ಘಾಟಿಸಲಾಗದು.

ದುಡ್ಡು ಕೊಡುವವನಿಗೆ ಕಾಣುವುದೇ ಲೆಕ್ಕಕ್ಕೆ ಬರುತ್ತದೆ. ಹಾಗಾದರೆ ಕೇಳುವವನೇ ಕೊಟ್ಟರೆ? ಒಂದು ಕಾಲದಲ್ಲಿ ಕೊಡುತ್ತಿದ್ದ. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸ್ ಪುಸ್ತಕದಲ್ಲಿ ಶುಲ್ಕದ ಚೀಟಿ ಅಂಟಿಸಿ ಮೊಹರು ಹಾಕಿಸಿಕೊಂಡು ಬರಬೇಕಿತ್ತು. ಎಂಬತ್ತರ ದಶಕದ ನಡುವಿಗೆ ಅದು ರದ್ದಾದಾಗ ಎಲ್ಲರಿಗೂ ಖುಷಿ. ಆದರೂ ಆ ಪುಸ್ತಕವನ್ನು ನೆನೆದು ಹಲುಬಬೇಕಾಗಿಲ್ಲ. 1975ರ ತುರ್ತು ಪರಿಸ್ಥಿತಿಯಲ್ಲಿ ಲೈಸೆನ್ಸ್ ಕಟ್ಟಿದವನಿಗೂ ಕಟ್ಟದವನಿಗೂ ಕೇಳಿಸಿದ್ದು ಸರ್ಕಾರದ ಒಂದೇ ದನಿ. ಅದಕ್ಕೇ ಬಿ.ಜಿ. ವರ್ಗೀಸ್ ಸಮಿತಿ 1978ರಲ್ಲಿ ಸ್ವಾಯತ್ತ ಸಂಸ್ಥೆಯೊಂದನ್ನು ಶಿಫಾರಸು ಮಾಡಿತು. 1990ರಲ್ಲಿ ಕಾಯ್ದೆಯಾಗಿ, 1997ರಲ್ಲಿ ಪ್ರಸಾರ ಭಾರತಿ ಕಣ್ಣು ಬಿಟ್ಟಿತು. ಪ್ರದೇಶಗಳ ಭಾಷೆ, ಸಂಸ್ಕೃತಿಗೆ ಸಾಕಷ್ಟು ಜಾಗ ಕೊಡಬೇಕೆಂದು ಆ ಕಾಯ್ದೆಯೇ ಹೇಳುತ್ತದೆ. ಹಣಕ್ಕೆ ಮಾತ್ರ ವರ್ಷವರ್ಷವೂ ಕೇಂದ್ರದ ಮುಂದೆ ಕೈಚಾಚಬೇಕು. ಕೈಚಾಚಿದವನ ದನಿ ತಗ್ಗುವುದು ಲೋಕರೂಢಿ.

ಮುಂಗಡವಾಗಿ ಕೊಟ್ಟರೆ ಈ ಕಾಟ ತಪ್ಪೀತೆಂದು ಅಮೆರಿಕ ಎಣಿಸಿತ್ತು. ಅಲ್ಲಿ ಸಾರ್ವಜನಿಕ ಪ್ರಸಾರದ ನಿಗಮಕ್ಕೆ ಎರಡು ವರ್ಷ ಮೊದಲೇ ಹಣ ಗೊತ್ತುಮಾಡುವ ಪದ್ಧತಿಯಿತ್ತು. 2025ರ ಜುಲೈನಲ್ಲಿ ಅವರ ಸಂಸತ್ತು ಕೊಟ್ಟ ಮಾತನ್ನೇ ಹಿಂದಕ್ಕೆ ಪಡೆದು ಸುಮಾರು 110 ಕೋಟಿ ಡಾಲರ್ ಕಿತ್ತುಕೊಂಡಿತು. ಪೆಟ್ಟು ಹೆಚ್ಚು ತಾಗಿದ್ದು ಹಳ್ಳಿಗಾಡಿನ ಸಣ್ಣ ನಿಲಯಗಳಿಗೆ.

ಅಂದಮೇಲೆ ಹಣ ಕಾಯುವ ಇಂಥ ಬೀಗಗಳನ್ನು ನಂಬಿ ಕೂರುವಂತಿಲ್ಲ. ಆದರೂ ಒಂದು ಕೆಲಸ ಮಾಡಬಹುದು. ಕಂಬದ ಹಣವನ್ನು ದಿಲ್ಲಿಯೇ ಇಟ್ಟುಕೊಳ್ಳಲಿ. ಕಾರ್ಯಕ್ರಮದ ಹಣವನ್ನು ಮೂರು ವರ್ಷಕ್ಕೆ ಒಟ್ಟಾಗಿ ನಿಲಯದ ಕೈಗೇ ಕೊಡಲಿ. ಯಾರನ್ನು ಹಾಡಿಸಬೇಕು, ಯಾರ ನಾಟಕ ಆಡಿಸಬೇಕು, ಅಮರಗೋಳದ ಕೃಷಿ ಮಾರುಕಟ್ಟೆಯ ಧಾರಣೆ ಎಷ್ಟು ಹೊತ್ತಿಗೆ ಓದಬೇಕು ಎಂಬುದು ಧಾರವಾಡದಲ್ಲೇ ತೀರ್ಮಾನವಾಗಲಿ. ಪರಿಚಯದವರನ್ನೇ ಕರೆದು ಕೂರಿಸುತ್ತಾರೆ ಎಂಬ ಆಕ್ಷೇಪ ಬರುತ್ತದೆ, ಅದು ಸುಳ್ಳೂ ಅಲ್ಲ. ಧಾರವಾಡದಲ್ಲಿ ಕವಿಗಳಿಗೇನು ಬರವೇ! ಆದರೆ ದಿಲ್ಲಿಯಲ್ಲಿ ಕುಳಿತವರ ತಪ್ಪನ್ನು ಹಾವೇರಿಯ ಕೇಳುಗ ಕೇಳುವಂತಿಲ್ಲ. ಇಲ್ಲಿಯ ತಪ್ಪಾದರೆ ಮರುದಿನವೇ ನಿಲಯದ ಬಾಗಿಲಿಗೆ ಬಂದು ಜಗಳ ತೆಗೆಯಬಹುದು. ಅಂಥ ಜಗಳಗಂಟಿ ಕೇಳುಗರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ.